ಚೌತಿಗೆ 24 ಜನ, ಬಡಿಸುವ ಕೈ ಎಷ್ಟು?

ಮಂಗಳೂರಿನ ಫ್ಲ್ಯಾಟಿನಲ್ಲಿ ಇದು ನಿಮ್ಮ ಮೊದಲ ಚೌತಿ. ಊಟಕ್ಕೆ 24 ಜನ ಬರುತ್ತಾರೆ. ಬಾಳೆಎಲೆ ಹಾಕಿ ಬಡಿಸಬೇಕು ಅಂತ ಅತ್ತೆಗೆ ಆಸೆ, ಬಫೆ ಇಟ್ಟರೆ ಸುಲಭ ಅಂತ ಗಂಡ ಹೇಳುತ್ತಿದ್ದಾರೆ. ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ.

ಎಲೆ ಹಾಕಿ. ಆದರೆ ಅದಕ್ಕೆ ಮೊದಲು ಒಂದು ಲೆಕ್ಕ ಮಾಡಿಕೊಳ್ಳಿ. ಆ ದಿನ ಬಡಿಸುವುದಕ್ಕೆ ಎಷ್ಟು ಕೈ ಸಿಗುತ್ತದೆ? ಎಷ್ಟು ಬಗೆ ಅಡುಗೆ ಅನ್ನುವುದು ಆಮೇಲಿನ ಮಾತು.

ನಾನು ಉಡುಪಿ ಜಿಲ್ಲೆಯ ಕೋಟದ ಕಡೆಯವನು. ನಮ್ಮ ಮನೆಯಲ್ಲಿ ಪಂಕ್ತಿ ಊಟ ಇದ್ದ ದಿನ ಮಕ್ಕಳಿಗೂ ಕೆಲಸ ಇರುತ್ತಿತ್ತು. ಆರೇಳು ವರ್ಷಕ್ಕೆ ಲೋಟಕ್ಕೆ ನೀರು ಹಾಕುವುದು. ಅದು ಚೆಲ್ಲದೆ ಬಂತು ಅಂತಾದರೆ ಮುಂದಿನ ವರ್ಷ ಉಪ್ಪು, ಉಪ್ಪಿನಕಾಯಿ. ಆಮೇಲೆ ಪಲ್ಯ, ಕೋಸಂಬರಿ. ಸಾರಿನ ಬಾಲ್ದಿ ನನ್ನ ಕೈಗೆ ಬಂದದ್ದು ಕಾಲೇಜಿಗೆ ಸೇರಿದ ಮೇಲೆ. ತುಪ್ಪ ಮಾತ್ರ ಅಪ್ಪಯ್ಯನೇ ಬಡಿಸುತ್ತಿದ್ದರು, ಯಾರಿಗೂ ಬಿಡುತ್ತಿರಲಿಲ್ಲ. ಯಾಕೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ನಂತರ. ತುಪ್ಪ ಹಾಕಬೇಕಾದರೆ ಪ್ರತಿಯೊಂದು ಎಲೆಯ ಮುಂದೆ ಬಗ್ಗಬೇಕು. ಆಗ ಯಾರ ಎಲೆಯಲ್ಲಿ ಅನ್ನ ಕಡಿಮೆ ಇದೆ, ಯಾರು ಸಂಕೋಚದಲ್ಲಿ ಸುಮ್ನೆ ಕೂತಿದ್ದಾರೆ, ಯಾರಿಗೆ ಪಲ್ಯ ಬಿಟ್ಟುಹೋಗಿದೆ, ಎಲ್ಲ ಕಾಣುತ್ತದೆ. ಮನೆಯ ಯಜಮಾನ ವಿಚಾರಿಸುವುದು ಅಂದರೆ ಅದೇ.

ಎಂಟು ವರ್ಷದ ಹಿಂದೆ ನಾವು ಮಂಗಳೂರಿಗೆ ಬಂದು ಮೊದಲ ಚೌತಿ ಮಾಡಿದೆವು. ಹೆಂಡತಿ ಮತ್ತು ನಾನು ಸೇರಿ 17 ಬಗೆ ಮಾಡಿದ್ದೆವು. ಎರಡು ಪಲ್ಯ, ಎರಡು ಕೋಸಂಬರಿ, ಅಂಬಟೆ ಗೊಜ್ಜು, ಪತ್ರೊಡೆ, ಮೋದಕ, ಅಪ್ಪ, ಎರಡು ಪಾಯಸ. ಬಡಿಸುವುದಕ್ಕೆ ನಾವಿಬ್ಬರೇ. ಅನ್ನದ ಮೇಲೆ ತೊವ್ವೆ ಬಿದ್ದು ಸಾರು ಬರುವಷ್ಟರಲ್ಲಿ ಹತ್ತು ನಿಮಿಷ ಆಗಿತ್ತು. ಮಜ್ಜಿಗೆ ಊಟ ಮುಗಿಯುತ್ತಾ ಬಂದಾಗ ಎರಡನೇ ಪಾಯಸ ಒಳಗೇ ಉಳಿದಿದೆ ಅಂತ ನೆನಪಾಯಿತು. ದೊಡ್ಡಪ್ಪ ಒಂದು ಮಾತೂ ಆಡಲಿಲ್ಲ. ಹೊರಡುವಾಗ ಹೆಗಲ ಮೇಲೆ ಕೈಯಿಟ್ಟು "ಉಂಬೋರ ಕೈ ಒಣಗೂಕಾಗ ಮಾಣಿ" ಅಂದರು. ಎಲೆಯ ಮುಂದೆ ಕೂತವರ ಕೈ ಕಾದು ಕಾದು ಒಣಗಬಾರದು ಅಂತ. ಆ ಮಾತು ನನಗೆ ತುಂಬಾ ತಾಗಿತು. ಮರು ವರ್ಷದಿಂದ ನಮ್ಮ ಮನೆಯ ಹಬ್ಬದ ಊಟ ಬದಲಾಯಿತು.

ಈಗ ನನ್ನ ಲೆಕ್ಕ ಹೀಗೆ. 12 ಜನರ ಒಂದು ಪಂಕ್ತಿಗೆ ಮೂರು ಜನ ಬಡಿಸುವವರು ಬೇಕು. ಒಬ್ಬರಿಗೆ ಅನ್ನ ಮತ್ತು ಪಲ್ಯದಂಥ ಗಟ್ಟಿ ಪದಾರ್ಥ. ಒಬ್ಬರಿಗೆ ತೊವ್ವೆ, ಸಾರು, ಹುಳಿ, ಪಾಯಸ. ಮೂರನೆಯವರಿಗೆ ನೀರು, ತುಪ್ಪ ಮತ್ತು ವಿಚಾರಣೆ. ಮೂರು ಜನ ಇದ್ದರೆ ಒಂಬತ್ತು ಹತ್ತು ಬಗೆ ಆರಾಮಾಗಿ ಸುಧಾರಿಸುತ್ತದೆ. ಇಬ್ಬರೇ ಅಂತಾದರೆ ಆರೇಳಕ್ಕೆ ನಿಲ್ಲಿಸಿ. ಒಂದು ಪಲ್ಯ, ಒಂದು ಕೋಸಂಬರಿ, ಸಾರು, ಹುಳಿ, ಮೋದಕ, ಪಾಯಸ. ಇಷ್ಟು ಬಿಸಿಬಿಸಿಯಾಗಿ ಹೊತ್ತಿಗೆ ಸರಿಯಾಗಿ ಎಲೆಗೆ ಬಿದ್ದರೆ ಅದಕ್ಕಿಂತ ದೊಡ್ಡ ಹಬ್ಬದ ಊಟ ಇನ್ನೊಂದಿಲ್ಲ.

24 ಜನರನ್ನು ಒಂದೇ ಸಲ ಕೂರಿಸಬೇಡಿ. ಫ್ಲ್ಯಾಟಿನ ಹಾಲ್‌ನಲ್ಲಿ ಅಷ್ಟು ಎಲೆ ಹಾಕಿದರೆ ಬಡಿಸುವವರಿಗೆ ಕಾಲಿಡಲು ಜಾಗ ಇರುವುದಿಲ್ಲ. ಎರಡು ಪಂಕ್ತಿ ಮಾಡಿ. ಒಂದು ಪಂಕ್ತಿಗೆ ಮುಕ್ಕಾಲು ಗಂಟೆ ಹಿಡಿಯಿರಿ, ಎಲೆ ತೆಗೆದು ನೆಲ ಒರೆಸುವುದಕ್ಕೆ ಹತ್ತು ನಿಮಿಷ. ಮೊದಲ ಪಂಕ್ತಿಗೆ ವಯಸ್ಸಾದವರು, ಮಕ್ಕಳು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು. ಪೂಜೆ ತಡವಾದರೆ ಅವರಿಗೆ ನಿಜವಾಗಿಯೂ ತೊಂದರೆ ಆಗುತ್ತದೆ. ಹಿಂದಿನ ದಿನವೇ ಫೋನ್ ಮಾಡಿ ಮೆಲ್ಲಗೆ ಕೇಳಿಟ್ಟುಕೊಳ್ಳಿ. ಎಲ್ಲರ ಎದುರು ಕೇಳಬೇಡಿ. ಬಂದ ಕೂಡಲೇ ಬೆಲ್ಲ ನೀರು ಕೊಡುವುದು ನಮ್ಮ ಕಡೆ ಇನ್ನೂ ಇದೆ ಅಲ್ವಾ? ಅದನ್ನು ಬಿಡಬೇಡಿ. ಎರಡನೇ ಪಂಕ್ತಿಯವರಿಗೆ ಅದರ ಜೊತೆ ಒಂದು ಬಾಳೆಹಣ್ಣು, ಸ್ವಲ್ಪ ಪಂಚಕಜ್ಜಾಯ ಕೊಟ್ಟರೆ ಹಸಿವು ತಡೆಯುತ್ತದೆ.

ಮಂಡಿ ನೋವಿದ್ದವರನ್ನು ನೆಲದಲ್ಲಿ ಕೂರಿಸುವ ಹಟ ಬೇಡ. ಅವರಿಗೆ ಡೈನಿಂಗ್ ಟೇಬಲ್ಲಿನಲ್ಲೇ ಎಲೆ ಹಾಕಿ, ಆದರೆ ಅದೇ ಹಾಲ್‌ನಲ್ಲಿ, ಅದೇ ಹೊತ್ತಿಗೆ. ನನ್ನ ಅಮ್ಮ ಈಗ ಮೇಜಿನಲ್ಲೇ ಕೂರುವುದು. ಮೇಜಿನಲ್ಲಿ ಎಲೆಯಿಂದ ಸಾರು ಹರಿದು ಮಡಿಲಿಗೆ ಬೀಳುವ ಭಯ ಇದೆ. ಅನ್ನದ ನಡುವೆ ಗುಂಡಿ ಮಾಡಿ ಸ್ವಲ್ಪ ಸ್ವಲ್ಪವೇ ಹಾಕಿ. ಪಾಯಸಕ್ಕೆ ದೊನ್ನೆ ಇಡಿ.

ಬಫೆಯನ್ನು ನಾನು ಯಾಕೆ ಬೇಡ ಅನ್ನುತ್ತೇನೆ ಅಂತ ಹೇಳಬೇಕು. ಸುಲಭ ಹೌದು, ನಿಮ್ಮ ಗಂಡ ಹೇಳುವುದು ತಪ್ಪಲ್ಲ. ಆದರೆ ಬಫೆಯಲ್ಲಿ ಸಂಕೋಚದ ಜನ ಅರ್ಧ ಹೊಟ್ಟೆಯಲ್ಲಿ ಏಳುತ್ತಾರೆ. ಎದ್ದು ಹೋಗಿ ಎರಡನೇ ಸಲ ಪಾಯಸ ಹಾಕಿಸಿಕೊಳ್ಳಲು ನಮ್ಮ ಅಜ್ಜಿಯಂಥವರಿಗೆ ಜೀವಮಾನದಲ್ಲಿ ಆಗುವುದಿಲ್ಲ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಊರುಗೋಲು ಹಿಡಿದವರನ್ನು ಸಾಲಿನಲ್ಲಿ ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ. ಸಂಜೆ ದೇವರನ್ನು ನೋಡಲು ಬರುವ ಆಫೀಸಿನ ಗೆಳೆಯರಿಗೆ ಕಡುಬು, ಚಕ್ಕುಲಿ, ಉಂಡೆ ಮೇಜಿನಲ್ಲಿಟ್ಟು ಬೇಕಾದ್ದು ತೆಗೆದುಕೊಳ್ಳಿ ಅನ್ನಬಹುದು. ಅದಕ್ಕೆ ಬಫೆ ಚೆನ್ನಾಗಿರುತ್ತದೆ.

ಇಬ್ಬರ ಮಾತೂ ಉಳಿಯುವ ಒಂದು ದಾರಿ ಇದೆ. ಜನ ಕೂರುವ ಐದು ನಿಮಿಷ ಮೊದಲೇ ಎಲೆ ಹಾಕಿ, ಉಪ್ಪು, ಉಪ್ಪಿನಕಾಯಿ, ಪಲ್ಯ, ಗೊಜ್ಜು ಬಡಿಸಿಬಿಡಿ. ಕೂತ ಮೇಲೆ ಓಡಾಟ ಅನ್ನದಿಂದ ಶುರು. ಅರ್ಧ ಕೆಲಸ ಅಲ್ಲೇ ಕಡಿಮೆ ಆಗುತ್ತದೆ. ಕೋಸಂಬರಿಗೆ ಮಾತ್ರ ಉಪ್ಪು, ನಿಂಬೆಹುಳಿ ಕೊನೇ ಗಳಿಗೆಯಲ್ಲಿ ಬೆರೆಸಿ. ಮೊದಲೇ ಬೆರೆಸಿದರೆ ಮುಳ್ಳುಸೌತೆ ನೀರು ಬಿಟ್ಟು ಎಲೆಯೆಲ್ಲ ಹರಿಯುತ್ತದೆ. ಹಪ್ಪಳವನ್ನೂ ಮೊದಲೇ ಇಡಬೇಡಿ. ಚೌತಿ ಅಂದರೆ ಮಳೆಗಾಲ, ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ಬೆಳಿಗ್ಗೆಯೇ ಕರಿದು ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡಿ, ಅನ್ನದ ಹಿಂದೆಯೇ ತನ್ನಿ.

ಎಲೆ ಹಾಕುವ ಕ್ರಮ ಅತ್ತೆಗೆ ಗೊತ್ತಿರುತ್ತದೆ. ಆದರೂ ಬಡಿಸುವ ಮಕ್ಕಳಿಗೆ ಹೇಳಿಕೊಡಲು ಬೇಕಾಗುತ್ತದೆ ಅಂತ ಬರೆಯುತ್ತೇನೆ. ಎಲೆಯ ಕೊಡಿ, ಅಂದರೆ ಚೂಪು ತುದಿ, ಊಟಕ್ಕೆ ಕೂತವರ ಎಡಗೈ ಕಡೆಗೆ ಬರಬೇಕು. ಉಪ್ಪು, ಉಪ್ಪಿನಕಾಯಿ ಎಡದ ಮೇಲಿನ ಮೂಲೆಗೆ. ಪಲ್ಯ, ಕೋಸಂಬರಿ ಎಲೆಯ ಮೇಲರ್ಧಕ್ಕೆ, ಅನ್ನ ಕೆಳಗಿನ ಅರ್ಧದ ನಡುವೆ. ಅನ್ನದ ಮೇಲೆ ತೊವ್ವೆ, ತುಪ್ಪ. ಆಮೇಲೆ ಸಾರು, ಹುಳಿ, ಸಿಹಿ, ಪಾಯಸ, ಕೊನೆಗೆ ಮಜ್ಜಿಗೆ. ಸೌಟು ಎಲೆಗೆ ತಾಗಬಾರದು. ಎಲ್ಲರೂ ಒಂದೇ ತುದಿಯಿಂದ ಶುರು ಮಾಡಬೇಕು, ನಡುವೆ ಒಬ್ಬರನ್ನು ದಾಟಿ ಹೋಗಬಾರದು. ಉದ್ದ ಎಲೆಯಲ್ಲಿ ಎಲ್ಲರಿಗೂ ಕೊಡಿ ಸಿಗುವುದಿಲ್ಲ. ಕೊಡಿ ಹಿರಿಯರಿಗೆ ಹಾಕಿ, ಉಳಿದವರಿಗೆ ಕೀತು, ಅಂದರೆ ತುದಿಯಿಲ್ಲದ ತುಂಡು. ಕೀತು ಬೇಗ ಸೀಳುತ್ತದೆ. ಬೆಂಕಿಯ ಮೇಲೆ ಸ್ವಲ್ಪ ಬಾಡಿಸಿದರೆ ಮೆದುವಾಗಿ ನಿಲ್ಲುತ್ತದೆ.

ಅಳತೆ ಕೇಳಿದ್ದೀರಿ. 24 ಜನಕ್ಕೆ ನಾವು ಬೆಳ್ತಿಗೆ (ಬಿಳಿ) ಅಕ್ಕಿ ಎರಡೂವರೆ ಕಿಲೋ ಹಾಕುತ್ತೇವೆ, ತಲೆಗೆ ಸುಮಾರು 100 ಗ್ರಾಂ. ಸಿಹಿ, ಪಾಯಸ ಎಲ್ಲ ಇರುವಾಗ ಅಷ್ಟು ಸಾಕು. ದಿನಾ ಕುಚ್ಚಲಕ್ಕಿ ಉಣ್ಣುವ ಹಿರಿಯರಿಗೆ ಬೇರೆ ಒಂದು ಸಣ್ಣ ಪಾತ್ರೆಯಲ್ಲಿ ಅದನ್ನೂ ಮಾಡಿಡಿ. ಮಜ್ಜಿಗೆ ಹೊತ್ತಿಗೆ ಎರಡು ಸೌಟು ಕುಚ್ಚಲಕ್ಕಿ ಅನ್ನ ಬಿದ್ದರೆ ಅವರ ಮುಖವೇ ಅರಳುತ್ತದೆ. ಸಾರು ನಾಲ್ಕು ಲೀಟರ್, ಹುಳಿ ನಾಲ್ಕು ಲೀಟರ್, ಪಾಯಸ ಮೂರೂವರೆ ಲೀಟರ್. ಪಲ್ಯಕ್ಕೆ ಅಲಸಂಡೆಯೋ ತೊಂಡೆಕಾಯಿಯೋ ಒಂದೂವರೆ ಕಿಲೋ. ಕೋಸಂಬರಿಗೆ ಹೆಸರುಬೇಳೆ ಅರ್ಧ ಕಿಲೋ, ತುಪ್ಪ ಕಾಲು ಕಿಲೋ. ಕಡಲೆಬೇಳೆ ಪಾಯಸ ಆರಿದ ಹಾಗೆ ಗಟ್ಟಿಯಾಗುತ್ತದೆ, ಒಲೆಯಿಂದ ಇಳಿಸುವಾಗ ನೀರಾಗಿಯೇ ಇರಲಿ. ಎರಡನೇ ಪಂಕ್ತಿಗೆ ಬಿಸಿ ಮಾಡುವಾಗ ಕಾಯಿಹಾಲು ಹಾಕಿದ ಪಾಯಸವನ್ನು ಕುದಿಸಬೇಡಿ, ಒಡೆಯುತ್ತದೆ. ನಾವು ದಪ್ಪ ಹಾಲನ್ನು ಅರ್ಧ ಎತ್ತಿಟ್ಟು, ಎರಡನೇ ಪಂಕ್ತಿ ಕೂರುವಾಗ ಸೇರಿಸುತ್ತೇವೆ.

ಇನ್ನೊಂದು ಮಾತು. ನನ್ನ ಹೆಂಡತಿಯ ಮನೆಯವರು ಉಡುಪಿಯವರು, ಚಾತುರ್ಮಾಸ್ಯದ ವ್ರತ ಮಾಡುವವರು. ಈ ನಾಲ್ಕು ತಿಂಗಳಲ್ಲಿ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ ಇಲ್ಲ. ಚೌತಿ ಬರುವುದು ಮೊಸರು ಬಿಡುವ ತಿಂಗಳಿನಲ್ಲಿ. ದೀಪಾವಳಿ ಬರುವುದು ಬೇಳೆ ಬಿಡುವ ತಿಂಗಳಿನಲ್ಲಿ. ಮದುವೆಯಾದ ಹೊಸದರಲ್ಲಿ ನಾನು ದೀಪಾವಳಿಗೆ ಮಾವನ ಎಲೆಗೆ ತೊವ್ವೆ ಬಡಿಸಲು ಹೋಗಿ, ಅವರು ಮೆಲ್ಲಗೆ ಕೈ ಅಡ್ಡ ಇಟ್ಟಿದ್ದರು. ಅಂದು ಅವರು ಉಂಡದ್ದು ಬರೀ ಅನ್ನ, ಪಲ್ಯ, ಮಜ್ಜಿಗೆ. ಈಗಲೂ ನೆನೆದರೆ ಬೇಸರ ಆಗುತ್ತದೆ. ನಿಮ್ಮ ಅತಿಥಿಗಳಲ್ಲಿ ಅಂಥವರು ಇದ್ದಾರಾ ಅಂತ ಕೇಳಿಕೊಳ್ಳಿ. ಇದ್ದರೆ ಈ ಸಲ ಮೊಸರು ಹಾಕಿದ ಪಚಡಿ, ಸಾಸಿವೆಯಂಥ ಪದಾರ್ಥ ಅವರ ಎಲೆಗೆ ಬೀಳದ ಹಾಗೆ ನೋಡಿಕೊಳ್ಳಿ. ದೀಪಾವಳಿಗೆ ಕರೆದರೆ ಬೇಳೆ ಹಾಕದ ಸಾರು ಒಂದು ಮಾಡಿ, ಕಡಲೆಬೇಳೆ ಬದಲು ಅಕ್ಕಿ ಪಾಯಸ ಮಾಡಿ.

ಒತ್ತಾಯ ಎಷ್ಟು ಮಾಡಬೇಕು ಅನ್ನುವುದು ದೊಡ್ಡ ಪ್ರಶ್ನೆ. ನಮ್ಮ ಕಡೆ ಒಂದೇ ಸಲ ಕೇಳಿ ಮುಂದೆ ಹೋದರೆ ಉಪಚಾರ ಸಾಲದು ಅನ್ನುತ್ತಾರೆ. ಹೊಟ್ಟೆ ತುಂಬಿದವರ ಎಲೆಗೆ ಹೋಳಿಗೆ ಎಸೆದು ಹೋಗುವುದೂ ನೋಡಿದ್ದೇನೆ. ಅದು ನನಗೆ ಹಿಡಿಸುವುದಿಲ್ಲ. ಎರಡು ಸಲ ಕೇಳಿ. ಎರಡನೇ ಸಲವೂ ಅಂಗೈ ಅಡ್ಡ ಬಂದರೆ ನಿಲ್ಲಿಸಿ, "ಸಾವಕಾಶ ಊಟ ಮಾಡಿ" ಅಂತ ಹೇಳಿ ಮುಂದೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರಿಗೆ ಒಂದೇ ಚಮಚ ಪಾಯಸ ಹಾಕಿ. ಅವರಿಗೂ ಹಬ್ಬ ಅಲ್ವಾ?

ಕೈ ತೊಳೆಯುವ ಜಾಗ ಮರೆಯಬೇಡಿ. ಫ್ಲ್ಯಾಟಿನಲ್ಲಿ ಒಂದೇ ಬೇಸಿನ್, 12 ಜನ ಒಟ್ಟಿಗೆ ಏಳುತ್ತಾರೆ. ಬಾಲ್ಕನಿಯಲ್ಲಿ ನೀರು ತುಂಬಿದ ಬಾಲ್ದಿ, ಚೊಂಬು, ಕೆಳಗೆ ಒಂದು ದೊಡ್ಡ ಬೇಸಿನ್, ಟವೆಲ್ ಇಡಿ.

ಎಲೆಗೆ ಎರಡು ದಿನ ಮೊದಲೇ ಹೇಳಿಡಿ. ಚೌತಿ ಹತ್ತಿರ ಬಂದ ಹಾಗೆ ಮಂಗಳೂರಿನ ಮಾರ್ಕೆಟಿನಲ್ಲಿ ಎಲೆಯ ಬೆಲೆ ಏರುತ್ತದೆ. ಸೆಪ್ಟೆಂಬರ್ 8ಕ್ಕೆ ಕ್ರೈಸ್ತರ ಮೊಂತಿ ಹಬ್ಬ. ಅವರದೂ ಅಂದು ಹೊಸ ತೆನೆಯ ಸಸ್ಯಾಹಾರಿ ಊಟ, ಬಾಳೆಎಲೆಯಲ್ಲೇ. 2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ ಬಂದಿತ್ತು, ಮರುದಿನವೇ ಮೊಂತಿ. ಆ ಸಲ ನಮ್ಮ ಮೇಲಿನ ಮನೆಯವರೂ ನಾವೂ ಸೇರಿ ಒಂದೇ ಕಟ್ಟು ಎಲೆ ತರಿಸಿ ಹಂಚಿಕೊಂಡೆವು.

ಕೊನೆಯದಾಗಿ ನಿಮ್ಮ ಬಗ್ಗೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅಡುಗೆ ಮಾಡಿದವರು ಮೂರೂವರೆಗೆ ತಣ್ಣಗಾದ ಸಾರು ಉಣ್ಣುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನಮ್ಮ ಅಮ್ಮ ಹಾಗೆಯೇ ಉಂಡವರು. ನಮ್ಮ ಮನೆಯಲ್ಲಿ ಈಗ ಹೆಂಡತಿ ಎರಡನೇ ಪಂಕ್ತಿಯಲ್ಲಿ ಅತಿಥಿಗಳ ಜೊತೆ ಕೂರುತ್ತಾಳೆ. ಮೊದಲ ಪಂಕ್ತಿಯಲ್ಲಿ ಉಂಡ ಇಬ್ಬರು ತಮ್ಮಂದಿರು ಮತ್ತು ನಾನು ಬಡಿಸುತ್ತೇವೆ. ನಿಮ್ಮ ಗಂಡನಿಗೆ ಹೀಗೆ ಹೇಳಿ: ಬಫೆ ಬೇಡ, ತುಪ್ಪದ ಪಾತ್ರೆ ನೀವು ಹಿಡಿಯಿರಿ, ಸಾರಿಗೆ ನಿಮ್ಮ ತಮ್ಮನನ್ನು ಕರೆಯಿರಿ. 24 ಜನಕ್ಕೆ 30 ಎಲೆ ತರಿಸಿ. ಅದರಲ್ಲಿ ಒಂದು ಒಳ್ಳೆಯ ಕೊಡಿ ಎಲೆ ನಿಮಗೆ ಅಂತ ಮೊದಲೇ ತೊಳೆದು ಎತ್ತಿಡಿ.