ಸ್ಪಾಕ್ ಮರಳಿ ಬಂದದ್ದಕ್ಕೆ ತೆತ್ತ ಬೆಲೆ
ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ‘ಸ್ಟಾರ್ ಟ್ರೆಕ್ 3: ದ ಸರ್ಚ್ ಫಾರ್ ಸ್ಪಾಕ್’ ಚಿತ್ರವನ್ನು ನೇರವಾಗಿ ನೋಡಿದರೆ ಅರ್ಥವಾಗುತ್ತದೆಯೇ?
– ಓದುಗರು, ಸಾಗರ

ಅರ್ಥವೇನೋ ಆದೀತು, ಆದರೆ ಮನಸ್ಸಿಗೆ ತಟ್ಟುವುದಿಲ್ಲ. ಸ್ಟಾರ್ ಟ್ರೆಕ್ ಎಂಬುದು ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ಹಡಗಿನ ಸಾಹಸಗಳ ಅಮೆರಿಕನ್ ಸರಣಿ. ಅದರಲ್ಲಿ 1982ರ ಎರಡನೇ ಚಿತ್ರವನ್ನು ಮೊದಲು ನೋಡಿ. ಅದರ ಕೊನೆಯಲ್ಲಿ ನಾಯಕ ಕರ್ಕ್‌ನ ಗೆಳೆಯ ಸ್ಪಾಕ್ ಹಡಗನ್ನು ಉಳಿಸಲು ವಿಕಿರಣದ ಕೋಣೆಯೊಳಗೆ ಹೋಗಿ ಸಾಯುತ್ತಾನೆ. ಒಳಗೆ ಹೋಗುವ ಮುನ್ನ ಹಡಗಿನ ಡಾಕ್ಟರ್ ಮೆಕಾಯ್ ಮುಖದ ಮೇಲೆ ಕೈಯಿಟ್ಟು ಒಂದೇ ಒಂದು ಮಾತು ಹೇಳುತ್ತಾನೆ. ಆ ಗಳಿಗೆ ತಪ್ಪಿಹೋದರೆ 1984ರ ಮೂರನೇ ಚಿತ್ರದ ಮೂಲವೇ ತಪ್ಪಿದಂತೆ.

ಪ್ರಶ್ನೆ: ಕಳೆದುಹೋದ ಗೆಳೆಯನನ್ನು ಹುಡುಕಿ ತರುವ ಕತೆಯ ಎರಡನೇ ಭಾಗ ಬರೆಯುತ್ತಿದ್ದೇವೆ. ಸತ್ತವನನ್ನು ಬದುಕಿಸಿದರೆ ಮೋಸ ಅನ್ನಿಸದೇ?
– ಕಾಲೇಜು ನಾಟಕ ತಂಡ, ಶಿವಮೊಗ್ಗ

ಪುಕ್ಕಟೆಯಾಗಿ ಬದುಕಿಸಿದರೆ ಖಂಡಿತ ಮೋಸ. ಈ ಚಿತ್ರ ಆ ಕೆಲಸ ಮಾಡುವುದಿಲ್ಲ. ಸ್ಪಾಕ್‌ನ ದೇಹ ಜೆನೆಸಿಸ್ ಗ್ರಹದಲ್ಲಿದೆ, ಆತ್ಮ ಮೆಕಾಯ್ ತಲೆಯೊಳಗಿದೆ. ಎರಡನ್ನೂ ಸ್ಪಾಕ್‌ನ ತವರಾದ ವಲ್ಕನ್ ಗ್ರಹಕ್ಕೆ ಮುಟ್ಟಿಸಬೇಕು. ಮೇಲಧಿಕಾರಿ ಒಪ್ಪುವುದಿಲ್ಲವಾಗಿ ಕರ್ಕ್ ತನ್ನದೇ ಹಡಗನ್ನು ಕದಿಯುತ್ತಾನೆ. ಐದೇ ಜನ ನಡೆಸಲೆಂದು ಎಂಜಿನಿಯರ್ ಸ್ಕಾಟಿ ಹಡಗಿಗೆ ಸ್ವಯಂಚಾಲಿತ ವ್ಯವಸ್ಥೆ ಕಟ್ಟಿರುತ್ತಾನೆ. ಅದು ಪ್ರಯಾಣಕ್ಕೆ ಮಾಡಿದ್ದು, ಯುದ್ಧಕ್ಕಲ್ಲ. ಹಾಗಾಗಿ ಶತ್ರುವಿನ ಏಟು ಬಿದ್ದೊಡನೆ ಇಡೀ ಹಡಗು ನಿಸ್ತೇಜವಾಗುತ್ತದೆ. ಕದ್ದ ರೀತಿಯಿಂದಲೇ ಸೋಲು ಹುಟ್ಟಿತು. ಚಿತ್ರಕಥೆ ಕಲಿಯುವವರು ಗಮನಿಸಬೇಕಾದದ್ದು ಇದನ್ನೇ. ಕೊನೆಗೆ ಲೆಕ್ಕ ಹಾಕಿದರೆ ಕರ್ಕ್‌ನ ಮಗ ಹೋದ, ಹಡಗು ಹೋಯಿತು, ಹುದ್ದೆ ಹೋಗುವುದೂ ಖಚಿತ. ಮರಳಿದ ಸ್ಪಾಕ್‌ಗೋ ಗೆಳೆಯನ ಹೆಸರು ನೆನಪಾಗಲೂ ಹೊತ್ತು ಬೇಕು.

ನೀವೂ ಮೊದಲ ಭಾಗದಲ್ಲೇ ಒಂದು ಎಳೆ ಬಿಟ್ಟಿಡಿ. ಮರಳಿಸುವ ದಾರಿಯನ್ನು ಎರಡನೇ ಭಾಗದ ಮೊದಲ ಕಾಲು ಪಾಲಿನೊಳಗೆ ಪ್ರೇಕ್ಷಕರಿಗೆ ತಿಳಿಸಿಬಿಡಿ. ತುದಿಯಲ್ಲಿ ಹೊಸ ಮಂತ್ರದಂಡ ತೆಗೆದರೆ ಯಾರೂ ನಂಬುವುದಿಲ್ಲ.

ಪ್ರಶ್ನೆ: ಆ ಚಿತ್ರದಲ್ಲಿ ಎಂಟರ್‌ಪ್ರೈಸ್ ಹಡಗಿನ ಮೈ ಕರಗಿದ ಹಾಗೆ ಉರಿಯುತ್ತದಲ್ಲ, ಅದನ್ನು ಹೇಗೆ ತೆಗೆದರು? ನಮ್ಮ ಕಿರುಚಿತ್ರಕ್ಕೆ ಮಾಡಬಹುದೇ?
– ಓದುಗರು, ತೀರ್ಥಹಳ್ಳಿ

ವಿಶೇಷ ದೃಶ್ಯಗಳನ್ನು ಮಾಡಿದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ತಂಡ ಹಡಗಿನ ದೊಡ್ಡ ಮಾದರಿಯನ್ನು ಮುಟ್ಟಲಿಲ್ಲ. ನಾಶಕ್ಕೆಂದೇ ಬೇರೆ ಮಾದರಿಗಳನ್ನು ಮಾಡಿಕೊಂಡಿತು. ಹಗುರ ಪ್ಲಾಸ್ಟಿಕ್ ಮೈಗೆ ಅದನ್ನು ಕರಗಿಸುವ ಅಸಿಟೋನ್ ದ್ರಾವಕ ಸಿಂಪಡಿಸಿ, ಸೆಕೆಂಡಿಗೆ ಒಂದೇ ಫ್ರೇಮ್, ಅಂದರೆ ಒಂದೇ ಚಿತ್ರ, ಹಿಡಿಯಿತು.

ನಿಮಗೆ ಥರ್ಮಾಕೋಲ್ ಸಾಕು. ಬಿದಿರಿನ ಕಡ್ಡಿ ಇಲ್ಲವೇ ಕಬ್ಬಿಣದ ತಂತಿಯಿಂದ ಪಕ್ಕೆಲುಬು ಕಟ್ಟಿ, ಮೇಲೆ ಥರ್ಮಾಕೋಲಿನ ತೆಳು ಹಾಳೆ ಹೊದಿಸಿ. ಮೈ ಕರಗಿದಾಗ ಎಲುಬು ಕಾಣಬೇಕು. ಸ್ಪ್ರೇ ಪೇಂಟ್ ಹೊಡೆಯಬೇಡಿ, ಅದರ ದ್ರಾವಕ ಶೂಟಿಂಗಿಗೆ ಮೊದಲೇ ಥರ್ಮಾಕೋಲನ್ನು ತಿಂದುಬಿಡುತ್ತದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನು ಒಂದೇ ಕೈ, ತೆಳುವಾಗಿ ಬಳಿಯಿರಿ. ದಪ್ಪವಾದರೆ ಬಣ್ಣದ ಪೊರೆ ಕರಗದೆ ಜೋಲುತ್ತದೆ.

ತೆರೆಯ ಮೇಲೆ ಸೆಕೆಂಡಿಗೆ 24ರಂತೆ 10 ಸೆಕೆಂಡಿಗೆ 240 ಚಿತ್ರ ಬೇಕು. ಸೆಕೆಂಡಿಗೊಂದರಂತೆ ತೆಗೆದರೆ 4 ನಿಮಿಷ. ಅಷ್ಟು ಹೊತ್ತು ಹನಿಹನಿಯಾಗಿ, ಜಾಗ ಬದಲಿಸುತ್ತ ಅಸಿಟೋನ್ ಬಿಡಿ. ಥರ್ಮಾಕೋಲಿನಲ್ಲಿ ಬಹುಪಾಲು ಗಾಳಿಯೇ ಇರುವುದರಿಂದ ಒಮ್ಮೆಗೇ ಸುರಿದರೆ ಕ್ಷಣದಲ್ಲಿ ಕುಸಿಯುತ್ತದೆ. ಮೊಬೈಲನ್ನು ಟ್ರೈಪಾಡಿಗೆ ಬಿಗಿದು ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಲಾಕ್ ಮಾಡಿ. ನಮ್ಮ ಕಡೆಯ ಮೋಡ ಬಿಸಿಲಿನ ಆಟಕ್ಕೆ ಹಗಲಲ್ಲಿ ಬೆಳಕು ಮಿಣುಕುತ್ತದೆ, ಆದ್ದರಿಂದ ರಾತ್ರಿ ಎಲ್‌ಇಡಿ ದೀಪದಲ್ಲಿ ಮಾಡಿ. ಮಳೆಗಾಲವಾದರೆ ಕ್ಯಾಮೆರಾವನ್ನು ಅರ್ಧ ಗಂಟೆ ಮೊದಲೇ ಆ ಜಾಗದಲ್ಲಿಡಿ. ಲೆನ್ಸಿಗೆ ಹಬೆ ಕೂರುವುದು ತಪ್ಪುತ್ತದೆ.

ಹಡಗು ತುಂಡಾಗಿ ಬೀಳುವ ದೃಶ್ಯಕ್ಕೆ ಲೆಕ್ಕ ತಿರುಗುಮುರುಗು, ಅಲ್ಲಿ ವೇಗವಾಗಿ ಹಿಡಿಯಬೇಕು. ಮಾದರಿ ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲದಿಂದ 24ನ್ನು ಗುಣಿಸಿ. 25 ಪಟ್ಟು ಚಿಕ್ಕದಾದರೆ ಸೆಕೆಂಡಿಗೆ 120 ಫ್ರೇಮ್. ಇಲ್ಲದಿದ್ದರೆ ಹಡಗು ಆಟಿಕೆಯ ಹಾಗೆ ಪಟಕ್ಕನೆ ಬೀಳುತ್ತದೆ.

ಅಸಿಟೋನ್ ಪೆಟ್ರೋಲಿನಂತೆಯೇ ಬೇಗ ಹೊತ್ತಿಕೊಳ್ಳುತ್ತದೆ. ಅದರ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಆದ್ದರಿಂದ ತೆರೆದ ಜಗಲಿಯಲ್ಲೇ ಮಾಡಿ, ಬಚ್ಚಲ ಒಲೆ ಆರಿರಲಿ, ದೀಪದ ಸ್ವಿಚ್ಚು ದೂರವಿರಲಿ. ಪಟಾಕಿಯಂತೂ ಬೇಡವೇ ಬೇಡ. ಬೆಂಕಿಯನ್ನು ಎಡಿಟಿಂಗಿನಲ್ಲಿ ಸೇರಿಸಿಕೊಳ್ಳಿ. ಸ್ಟೀಲ್ ಲೋಟದಲ್ಲಿ 50 ಮಿಲಿ ಮಾತ್ರ ತೆಗೆದಿಟ್ಟುಕೊಂಡು ಬಾಟಲಿಯ ಮುಚ್ಚಳ ಬಿಗಿ ಮಾಡಿ. ಥರ್ಮಾಕೋಲ್ ಕರಗಿ ಉಳಿದ ಅಂಟನ್ನು ಬಯಲಲ್ಲಿ ಪೂರ್ತಿ ಒಣಗಿಸಿ ಕಸಕ್ಕೆ ಹಾಕಿ. ಚರಂಡಿಗೆ ಬಿಟ್ಟರೆ ಅದು ತುಂಗೆಗೇ ಸೇರುವುದು.