ಸಾಮಾನು ಆಮೇಲೆ ನೋಡೋಣ ಅಂತ ನಾನೂ ಅಂದ್ಕೊಂಡಿದ್ದೆ

ಮನೆ ರಿಪೇರಿ ನಡೀತಿದೆ, ಹಳೇ ಸಾಮಾನೆಲ್ಲ ಒಂದು ರೂಮಿಗೆ ತುಂಬಿದೀನಿ, ಮುಂದೆ ಅಲ್ಲೇ ಆಫೀಸ್ ಮಾಡ್ಕೋಬೇಕು, ಎಲ್ಲಾ ಹಿಡಿಯೋ ಹಂಗೆ ಯಾವ ಥರ ಕಪಾಟು ಮಾಡಿಸ್ಲಿ ಅಂತ ಕೇಳಿದೀರಿ. ಓದ್ತಾ ಓದ್ತಾ 2021ರ ನಮ್ಮ ಮನೆ ನೆನಪಾಗಿ ನಗು ಬಂತು.

ಮೈಸೂರು, ಕುವೆಂಪುನಗರ, 30/40 ಸೈಟು, ಅಪ್ಪ ಕಟ್ಟಿಸಿದ್ದು. ವೈರಿಂಗು, ಟೈಲ್ಸು ಎಲ್ಲಾ ಹೊಸದು ಮಾಡಿಸೋಕೆ ಶುರು ಮಾಡಿದ್ವಿ. ನನಗೆ ವರ್ಕ್ ಫ್ರಮ್ ಹೋಮ್ ಇತ್ತಲ್ಲ, ಹಿಂದಿನ ಚಿಕ್ಕ ರೂಮು ನಂದು ಅಂತಾಯ್ತು. ಅಟ್ಟದಿಂದ ಇಳಿದಿದ್ದು ಅಮ್ಮನ ತಾಮ್ರದ ಹಂಡೆ, ಡುಬ್ಬ ಇರೋ ಹಳೇ ಮಾನಿಟರ್, ತೂತುಬಿದ್ದ ಸೊಳ್ಳೆಪರದೆ, ಯಾವ ಮಿಕ್ಸಿದೋ ಗೊತ್ತಿಲ್ಲದ ಮೂರು ಜಾರು, ಅಪ್ಪ ದಾರ ಕಟ್ಟಿಟ್ಟಿದ್ದ ಕರೆಂಟ್ ಬಿಲ್ಲುಗಳು. ವಿಂಗಡಿಸೋಕೆ ಕೂತ್ರೆ ಒಂದೊಂದಕ್ಕೂ ಒಂದು ಕಥೆ, ಅಪ್ಪ "ಇರ್ಲಿ ಬಿಡೋ, ಯಾವತ್ತಾದ್ರೂ ಬೇಕಾಗುತ್ತೆ" ಅನ್ನೋರು. ಹಾಳಾಗ್ಲಿ, ಆಮೇಲೆ ನೋಡೋಣ ಅಂತ 34 ರಟ್ಟಿನ ಡಬ್ಬಕ್ಕೆ ತುಂಬಿ ಅದೇ ರೂಮಿನ ಕಿಟಕಿ ಪಕ್ಕದ ಗೋಡೆಗೆ ಪೇರಿಸಿಟ್ಟೆ.

ಎಡವಟ್ಟಾಗಿದ್ದು ಇಲ್ಲೇ. ಎಲೆಕ್ಟ್ರಿಷಿಯನ್ ಬಂದು "ಸಾರ್, ಪಾಯಿಂಟ್ ಎಲ್ಲಿ ಕೊಡ್ಲಿ" ಅಂದಾಗ ನಾನು ಮೀಟಿಂಗಲ್ಲಿದ್ದೆ, "ನೀವೇ ನೋಡಿ ಹಾಕಿ" ಅಂದ್ಬಿಟ್ಟೆ. ಅವನು ತಾನೇ ಏನ್ ಮಾಡ್ತಾನೆ, ಆ ಗೋಡೆ ಅವನಿಗೆ ಕಂಡಿದ್ರೆ ತಾನೆ? ಖಾಲಿ ಕಂಡಿದ್ದು ಬಾಗಿಲ ಪಕ್ಕದ ಗೋಡೆ, ಅದನ್ನೇ ಕೊರೆದು ಪೈಪ್ ಹಾಕಿದ. ಗಾರೆ ಆಯ್ತು, ಪುಟ್ಟಿ ಆಯ್ತು, ಎರಡು ಕೋಟ್ ಪೇಂಟೂ ಆಯ್ತು. ಆಮೇಲೆ ಡಬ್ಬ ಸರಿಸಿ ಟೇಬಲ್ ಹಾಕ್ತೀನಿ, ಆ ಗೋಡೇಲಿ ಒಂದೇ ಒಂದು ಪ್ಲಗ್ ಇಲ್ಲ. ಬಾಗಿಲ ಕಡೆ ಕೂರೋಣ ಅಂದ್ರೆ ಕಿಟಕಿ ಬೆನ್ನಿಗೆ ಬರುತ್ತೆ, ವಿಡಿಯೋ ಕಾಲಲ್ಲಿ ಮುಖ ಮಸಿ ಬಳಿದಂಗೆ. ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದ್ರೆ ವೈರು ಬಾಗಿಲಿಗೆ ಅಡ್ಡ, ಅಮ್ಮ ಒಂದಿನ ಕಾಲಿಗೆ ಸಿಕ್ಕಿಸ್ಕೊಂಡು ಬೀಳೋದ್ರಲ್ಲಿದ್ರು. ಕೊನೆಗೆ ಹೊಸ ಗೋಡೇನೇ ಮತ್ತೆ ಕೊರೆಸಿದ್ದಾಯ್ತು. ಹನ್ನೊಂದು ಸಾವಿರ ಹೋಯ್ತು, ಕಟರ್ ಧೂಳು ಪಾತ್ರೆ ಒಳಗೂ ಸೇರ್ತು, ಅದೇ ಡಬ್ಬದ ಪೇಂಟ್ ಹಚ್ಚಿದ್ರೂ ಆ ಪಟ್ಟೆ ಇವತ್ತಿಗೂ ಬೇರೆಯಾಗೇ ಕಾಣುತ್ತೆ.

ಡಬ್ಬ ಬೇರೆ ರೂಮಲ್ಲಿ ಇಟ್ಟಿದ್ರೆ ಸರಿಹೋಗ್ತಿತ್ತು ಅಂತ ನನ್ನ ಹೆಂಡತಿ ಹೇಳ್ತಾಳೆ. ನಾನು ಒಪ್ಪಲ್ಲ. 34 ಡಬ್ಬ ಯಾವ ರೂಮಲ್ಲಿಟ್ರೂ ಆ ರೂಮಿನ ಒಂದು ಗೋಡೆ ಹೋದಂಗೇ. ತುಂಬೋ ಮುಂಚೆನೇ ಗುಜರಿಯವನನ್ನ ಕರೀಬೇಕಿತ್ತು, ಯಾಕಂದ್ರೆ ಆಮೇಲೆ ಬಿಚ್ಚಿ ನೋಡಿದ್ರೆ ಉಳಿಸ್ಕೊಂಡಿದ್ದು ಆರು ಡಬ್ಬದಷ್ಟು ಮಾತ್ರ.

ಹಂಗಾಗಿ ಕಪಾಟು ಪ್ರಶ್ನೆಗೆ ನನ್ನ ಉತ್ತರ, ಕಪಾಟು ಮಾಡಿಸ್ಲೇಬೇಡಿ. ಜಾಗ ಇದ್ರೆ ಕಸ ತುಂಬುತ್ತೆ ಅಷ್ಟೆ. ಮನೆ ಪತ್ರ, ಕಂದಾಯ ರಸೀದಿ ಒಂದು ಫೈಲಿಗೆ ಹಾಕಿ, ಹಳೇ ಮಾನಿಟರ್, ಬ್ಯಾಟರಿ ಇದ್ರೆ ಇ-ವೇಸ್ಟ್ ತಗೊಳೋರಿಗೆ ಕೊಡಿ, ಹಂಡೆ ಕೊಡ್ಬೇಡಿ (ಕೊಟ್ರೆ ಅಮ್ಮ ಬಿಡಲ್ಲ). ಆಮೇಲೆ ಟೇಬಲ್ ಅಳತೆಗೆ ನೆಲದ ಮೇಲೆ ಪೇಪರ್ ಹಾಸಿ, ಅಲ್ಲೇ ಕುರ್ಚಿ ಹಾಕಿ ಎರಡು ದಿನ ಕೆಲಸ ಮಾಡಿ ನೋಡಿ, ಕಿಟಕಿ ಬೆಳಕು ಪಕ್ಕದಿಂದ ಬರ್ಬೇಕು. ಟೇಬಲ್ ಎರಡೂವರೆ ಅಡಿ ಎತ್ತರ ಇರುತ್ತೆ, ಸ್ವಿಚ್ ಬೋರ್ಡ್ ಅದಕ್ಕಿಂತ ಸ್ವಲ್ಪ ಮೇಲೆ ಬರ್ಲಿ. ನೆಟ್ ಕೇಬಲ್ಲಿಗೆ ಬೇರೆ ಪೈಪ್ ಹಾಕಿಸಿ, ಕರೆಂಟ್ ವೈರ್ ಜೊತೆ ತೂರಿಸೋಕೆ ಬಿಡ್ಬೇಡಿ. ರೂಟರ್ ಪ್ಲಗ್ಗು ಇನ್ವರ್ಟರ್ ಲೈನಿಗೇ ಕೊಡ್ಸಿ, ನಮ್ಮನೇಲಿ ಅದೂ ಮರೆತು ಕರೆಂಟ್ ಹೋದಾಗಲೆಲ್ಲ ಫ್ಯಾನ್ ತಿರುಗ್ತಾ ಇರುತ್ತೆ, ನೆಟ್ ಇರಲ್ಲ.

ಗೋಡೆಗೆ ಇನ್ನೂ ಗಾರೆ ಆಗಿಲ್ಲ ಅಂದ್ರೆ ಇವತ್ತು ಸಂಜೆನೇ ಡಬ್ಬ ಸರಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕ್ಬಿಡಿ. ಎಲೆಕ್ಟ್ರಿಷಿಯನ್‌ಗಳು ಬರಲ್ಲ ಬರಲ್ಲ ಅಂತ ವಾರಗಟ್ಟಲೆ ಸತಾಯಿಸಿ, ನೀವು ಮೀಟಿಂಗಲ್ಲಿರೋವಾಗಲೇ ಬಂದು ನಿಲ್ತಾರೆ.