ಬಳ್ಳಾರಿ ಬಿಸಿಲಿಗೆ ಯಾವ ಕಿಟ್ ವಿಮಾನ?

ಪ್ರಶ್ನೆ: ಸರ್, ಮೋಕಾ ರಸ್ತೆಯಲ್ಲಿ ನಮ್ಮದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಟ್ರೇಲರ್, ಗ್ರಿಲ್, ಶೀಟ್ ಕೆಲಸ ಮಾಡುತ್ತೇವೆ. ಕಿಟ್, ಅಂದರೆ ಜೋಡಿಸಿ ಕಟ್ಟುವ ಬಿಡಿಭಾಗಗಳ ಸೆಟ್, ತರಿಸಿ ಎರಡು ಸೀಟಿನ ವಿಮಾನ ಕಟ್ಟುವ ಆಸೆ. ವ್ಯಾನ್ಸ್ ಆರ್‌ವಿ-7, ಜೆನಿತ್ ಸಿಎಚ್ 750, ಕಿಟ್‌ಫಾಕ್ಸ್, ಈ ಮೂರರಲ್ಲಿ ಯಾವುದು ಒಳ್ಳೇದು? ಸ್ಪೀಡ್ ನೋಡಿದರೆ ಆರ್‌ವಿ ಕಡೆಗೇ ಮನಸ್ಸು ಹೋಗುತ್ತೆ.
– ಓದುಗರು, ಬಳ್ಳಾರಿ

ಉತ್ತರ: ನಿಮಗೆ ಜೆನಿತ್ ಸರಿ. ಯಾಕೆ ಅಂತ ಹೇಳ್ತೀನಿ.

ಆರ್‌ವಿ-7 ಅದ್ಭುತ ವಿಮಾನ, ಅದರಲ್ಲಿ ಎರಡು ಮಾತಿಲ್ಲ. 180 ಎಚ್‌ಪಿ ಎಂಜಿನ್ ಹಾಕಿದರೆ ಗಂಟೆಗೆ ಸುಮಾರು 200 ಮೈಲಿ ಓಡುತ್ತದೆ. ಆದರೆ ಅದರ ಚಕ್ರ ಚಿಕ್ಕದು, ಇಳಿಯುವ ವೇಗವೂ ಜಾಸ್ತಿ, ಹಾಗಾಗಿ ಒಳ್ಳೆಯ ನೆಲ ಬೇಕು. ನಿಮ್ಮ ಹತ್ತಿರದ ತೋರಣಗಲ್ಲಿನ ರನ್‌ವೇ ಜಿಂದಾಲ್ ಉಕ್ಕಿನ ಕಂಪನಿಯದು. ಉಳಿದದ್ದೆಲ್ಲ ಎರೆ ಭೂಮಿ, ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಅಂಟು. ಸಿಎಚ್ 750 ನಿಧಾನ, ಗಂಟೆಗೆ 100 ಮೈಲಿ ಆಸುಪಾಸು ಅಷ್ಟೇ. ಆದರೆ ರೆಕ್ಕೆಯ ಮುಂದಂಚಿಗೆ ಉದ್ದಕ್ಕೂ ಸ್ಲ್ಯಾಟ್, ಅಂದರೆ ಸಂದು ಬಿಟ್ಟು ಕೂರಿಸಿದ ಕಿರುಪಟ್ಟಿ, ಇರುವುದರಿಂದ ತೀರಾ ಕಡಿಮೆ ವೇಗದಲ್ಲೂ ಗಾಳಿಯಲ್ಲಿ ನಿಲ್ಲುತ್ತದೆ, ದಪ್ಪ ಟೈರಿನ ಮೇಲೆ ಚಿಕ್ಕ ಜಾಗದಲ್ಲೇ ಏರಿ ಇಳಿಯುತ್ತದೆ. ಅಂಥ ಜಾಗವನ್ನೂ ಬೇಸಿಗೆಯಲ್ಲಿ ಗಟ್ಟಿ ಮಾಡಿಸಿ ಸಮ ಮಾಡಿಸಬೇಕು, ಮಳೆಗಾಲದಲ್ಲಿ ಎರೆಯಲ್ಲಿ ಯಾವ ವಿಮಾನವೂ ಬೇಡ.

ಇನ್ನು ಬಿಸಿಲು. ಬಳ್ಳಾರಿ ಸಮುದ್ರ ಮಟ್ಟದಿಂದ ಸುಮಾರು 1,600 ಅಡಿ ಎತ್ತರದಲ್ಲಿದೆ. ಮೇ ತಿಂಗಳ 42 ಡಿಗ್ರಿಯಲ್ಲಿ ಗಾಳಿ ಎಷ್ಟು ತೆಳುವಾಗುತ್ತದೆ ಅಂದರೆ ವಿಮಾನಕ್ಕೆ 5,000 ಅಡಿಗಿಂತ ಮೇಲಿದ್ದಂತೆ. ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ 100 ಎಚ್‌ಪಿ ಎಂಜಿನ್ ಅಲ್ಲಿ ಕೊಡೋದು ಸುಮಾರು 85 ಮಾತ್ರ, ರೆಕ್ಕೆಗೆ ಸಿಗುವ ಎತ್ತುವ ಬಲವೂ ಕಡಿಮೆ. ಅದಕ್ಕೇ ಜೆನಿತ್‌ಗೆ ರೋಟ್ಯಾಕ್ಸ್ 912 ಎಂಜಿನ್ ಹಾಕುವುದಾದರೆ 100 ಎಚ್‌ಪಿಯದೇ ಹಾಕಿ, 80ರ ಕಡೆ ನೋಡಲೇಬೇಡಿ. ಕಂಪನಿ ಬರೆದ ಟೇಕಾಫ್ ದೂರ ತಂಪು ಹವೆಯದು, ನಮ್ಮ ಮಧ್ಯಾಹ್ನದ್ದಲ್ಲ. ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಹಾರಿಸಿ.

ಕೆಲಸದ ವಿಷಯ. ಆರ್‌ವಿ-7ಕ್ಕೆ ಬಹುಪಾಲು ಸಾಲಿಡ್ ರಿವೆಟ್, ಒಂದು ಕಡೆಯಿಂದ ರಿವೆಟ್ ಗನ್‌ನಲ್ಲಿ ಹೊಡೆಯಬೇಕು, ಇನ್ನೊಂದು ಕಡೆ ಬಕಿಂಗ್ ಬಾರ್ ಎಂಬ ಉಕ್ಕಿನ ಗಟ್ಟಿ ಒತ್ತಿ ಹಿಡಿಯಬೇಕು, ಎಷ್ಟೋ ಕಡೆ ಇಬ್ಬರು ಬೇಕು. ಜೆನಿತ್‌ಗೆ ಒಂದೇ ಕಡೆಯಿಂದ ಎಳೆದು ಕೂರಿಸುವ ಪಾಪ್ ರಿವೆಟ್, ಒಬ್ಬರೇ ಮಾಡಬಹುದು. ಕಿಟ್‌ಫಾಕ್ಸ್‌ಗೆ ವೆಲ್ಡ್ ಆದ ಸ್ಟೀಲ್ ಪೈಪಿನ ಚೌಕಟ್ಟು, ಮೇಲೆ ಬಟ್ಟೆ. ರೆಕ್ಕೆ ಮಡಚಿ ಶೆಡ್ಡಿನೊಳಗೆ ಇಡಬಹುದು, ಅದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಬಟ್ಟೆ ಹೊದಿಸಿ ಬಣ್ಣ ಕೊಡುವುದು ಬೇರೆಯೇ ಕಸುಬು, ನಿಮ್ಮ ಕೈ ಪಳಗಿರೋದು ತಗಡಿನಲ್ಲಿ.

ಒಂದು ಮಾತ್ರ ಮರೆಯಬೇಡಿ. ಅಲ್ಯುಮಿನಿಯಂ ತಗಡಿನ ಮೇಲೆ ಗ್ರಿಲ್ ಕೆಲಸದ ಹಾಗೆ ಮೊಳೆಯಿಂದ ಗೆರೆ ಎಳೆಯಬಾರದು, ಆ ಗೀರಿನಿಂದಲೇ ಬಿರುಕು ಶುರುವಾಗುತ್ತದೆ. ಮಾರ್ಕರ್ ಪೆನ್ ಬಳಸಿ. ಪ್ರತಿ ತೂತಿನ ಅಂಚಿನ ಜುಂಗು ತೆಗೆಯಿರಿ. ಹಾಗೇ, ಕಿಟ್‌ನ ಬೆಲೆಯಲ್ಲಿ ಸಾಮಾನ್ಯವಾಗಿ ಎಂಜಿನ್, ಪ್ರೊಪೆಲ್ಲರ್, ಮೀಟರುಗಳು ಸೇರಿರೋದಿಲ್ಲ, ಅವೇ ದೊಡ್ಡ ಖರ್ಚು.

ಪ್ರಶ್ನೆ: ಕಿಟ್ ವಿಮಾನವನ್ನು ನಮ್ಮ ಹೊಲದ ಮೇಲಷ್ಟೇ ಹಾರಿಸಿದರೂ ಪರ್ಮಿಷನ್ ಬೇಕಾ?
– ಓದುಗರು, ಕೊಪ್ಪಳ

ಉತ್ತರ: ಬೇಕು. ಹೊಲ ನಿಮ್ಮದು, ಆಕಾಶ ನಿಮ್ಮದಲ್ಲ. ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ (ಡಿಜಿಸಿಎ) ವಿಮಾನದ ನೋಂದಣಿ, ಹಾರಾಟದ ಅನುಮತಿ, ನಿಮಗೆ ಲೈಸೆನ್ಸ್ ಮೂರೂ ಆಗಬೇಕು. ಅಮೆರಿಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ತಾನೇ ಮಾಡಿದರೆ ಹವ್ಯಾಸಿ ವಿಮಾನ ಅಂತ ಒಪ್ಪುತ್ತಾರೆ, ಇಲ್ಲಿ ದಾರಿ ಅಷ್ಟು ಸಲೀಸಿಲ್ಲ. ಮುಂಬೈಯ ಅಮೋಲ್ ಯಾದವ್ ಮನೆಯ ತಾರಸಿ ಮೇಲೆ ವಿಮಾನ ಕಟ್ಟಿ 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಇಟ್ಟರು, ನೋಂದಣಿಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ನೀವು ದುಡ್ಡು ಕಳಿಸುವ ಮೊದಲೇ ಡಿಜಿಸಿಎಗೆ ಮಾಡೆಲ್ ಹೆಸರು, ತೂಕ, ಎಂಜಿನ್ ವಿವರ ಬರೆದು ಕೇಳಿ. ಉತ್ತರ ಲಿಖಿತವಾಗಿಯೇ ಬರಲಿ.